ತಿಪ್ಪೇಸ್ವಾಮಿಗಾಗಿ ನಾಲ್ಕಡಿಯ ದೋಣಿ

ವಾಣಿವಿಲಾಸ ಸಾಗರ ಬಹಳ ವರ್ಷಗಳ ಮೇಲೆ ಕೋಡಿ ಬಿದ್ದಾಗ ಜಿಲ್ಲೆಯ ಅರ್ಧ ಜನ ಹಿರಿಯೂರಿನ ಬಸ್ಸು ಹತ್ತಿದ್ದರು. ನಾನು ಹೇಳಹೊರಟಿರುವುದು ಅದರ ಮರುವರ್ಷದ ಬೇಸಿಗೆಯ ಮಾತು. ಆಗ ನಾನು ಚಿತ್ರದುರ್ಗದಲ್ಲಿ ಸ್ವಂತ ಫೈಬರ್‌ಗ್ಲಾಸ್ ವರ್ಕ್‌ಶಾಪ್ ನಡೆಸುತ್ತಿದ್ದೆ, ಈಗಲೂ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು ಹದಿನೈದು ವರ್ಷ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಹಗ್ಗ ಕಟ್ಟಿಕೊಂಡು ನೇತಾಡುತ್ತಾ ರೆಕ್ಕೆಗಳ ಬಿರುಕು ಮುಚ್ಚುವ ಕೆಲಸ ಮಾಡಿದ್ದೆ. ಮಂಡಿ ನೋವು ಶುರುವಾದ ಮೇಲೆ ನೆಲಕ್ಕಿಳಿದು ನೀರಿನ ಟ್ಯಾಂಕು, ಬಸ್ಸಿನ ಬಂಪರು, ಮದುವೆ ಮಂಟಪದ ಕಂಬ, ಇಂಥವನ್ನು ಮಾಡತೊಡಗಿದೆ. ನನ್ನ ಬಾಯಿ ಸ್ವಲ್ಪ ಜೋರು. ಈ ಕೆಲಸಕ್ಕೆ ಜೋರು ಬಾಯಿ ಬೇಕೇ ಬೇಕು, ಏಕೆಂದರೆ ಕಲಸಿಟ್ಟ ರೆಸಿನ್ ಎಂಬ ಅಂಟು ಯಾರ ಮುಖ ನೋಡಿಯೂ ಕಾಯುವುದಿಲ್ಲ, ಗಟ್ಟಿಯಾಗಿಬಿಡುತ್ತದೆ.

ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸ್ಕೂಟರಿನಲ್ಲಿ ಬಂದು ನಿಂತಳು. ಹೆಸರು ಶಶಿಕಲಾ, ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯವಳು, ಕುರಿ ಸಾಕುವ ಮನೆತನ. ಕೆರೆಗಳ ಹೂಳು ಅಳೆದು ವರದಿ ಕೊಡುವ ಒಬ್ಬ ಖಾಸಗಿ ಗುತ್ತಿಗೆದಾರರ ಬಳಿ ಸರ್ವೆ ಎಂಜಿನಿಯರ್. ಹಿಂದೆ ಐವತ್ತು ದಾಟಿದ ಒಬ್ಬ ಮನುಷ್ಯ ಕುಳಿತಿದ್ದ, ಹೆಗಲ ಮೇಲೆ ಟವೆಲ್ಲು, ಹಣೆಯ ತುಂಬ ವಿಭೂತಿ. ಅವನು ತಿಪ್ಪೇಸ್ವಾಮಿ, ಹೊಳಲ್ಕೆರೆ ಕಡೆಯವನು, ಅವಳ ಸರ್ವೆ ತಂಡದ ಕೆಲಸಗಾರ.

"ರುದ್ರಣ್ಣ, ಒಂದು ಮಾಡೆಲ್ ಬೋಟಿನ ಹಲ್ ಮಾಡಿಕೊಡ್ತೀರಾ?" ಎಂದಳು. ಹಲ್ ಎಂದರೆ ದೋಣಿಯ ಒಡಲು. ಮೋಟಾರು, ಬ್ಯಾಟರಿ ಏನೂ ಇಲ್ಲದ ಬರಿಯ ಚಿಪ್ಪು.

"ಏನವ್ವ, ಮಕ್ಕಳು ಆಡಾಕಾ? ನನಗೆ ಟ್ಯಾಂಕಿನ ಕೆಲಸವೇ ಕುತ್ತಿಗೆಗೆ ಬಂದೈತೆ" ಎಂದು ನಕ್ಕೆ.

ಅವಳು ನಗಲಿಲ್ಲ. "ಆಟಕ್ಕಲ್ಲ ಅಣ್ಣ. ಇವ್ರು ಇನ್ನೊಂದು ಸಲ ನೀರಿಗೆ ಇಳೀಬಾರ್ದು, ಅದಕ್ಕೆ" ಎಂದು ತಿಪ್ಪೇಸ್ವಾಮಿಯ ಕಡೆ ಕೈ ತೋರಿಸಿದಳು. ಅವನು ಸಂಕೋಚದಿಂದ ಟವೆಲ್ಲು ಸರಿಮಾಡಿಕೊಂಡ. ನಾನು ಇಬ್ಬರಿಗೂ ಸ್ಟೂಲು ಕೊಟ್ಟು ಕೂರಿಸಿದೆ.

ವಿಷಯ ಇಷ್ಟು. ಕೆರೆಯಲ್ಲಿ ಎಷ್ಟು ಹೂಳು ತುಂಬಿದೆ ಎಂದು ತಿಳಿಯಬೇಕಾದರೆ ಹತ್ತಾರು ಕಡೆ ನೀರಿನ ಆಳ ಅಳೆದು ಹಳೆಯ ದಾಖಲೆಗೆ ಹೋಲಿಸಬೇಕು. ತಿಪ್ಪೇಸ್ವಾಮಿ ತೆಪ್ಪದಲ್ಲಿ ಕುಳಿತು, ಅಡಿ ಗುರುತು ಹಾಕಿದ ಗಳವನ್ನು ತಳಕ್ಕೆ ಇಳಿಸಿ ಕೂಗಿ ಹೇಳುವುದು, ದಡದಲ್ಲಿ ಶಶಿಕಲಾ ಬರೆದುಕೊಳ್ಳುವುದು, ಇದು ಅವರ ಕ್ರಮ. ನಮ್ಮ ಕಡೆಯ ಕೆರೆಗಳು ವರ್ಷಗಟ್ಟಲೆ ಒಣಗಿದ್ದವಲ್ಲ, ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ನೀರು ಬಂದಾಗ ಗಿಡಗಳು ಮುಳುಗಿದವು, ಮುಳ್ಳು ಮುಳುಗಿದಲ್ಲೇ ಉಳಿಯಿತು. ಹಿಂದಿನ ಚಳಿಗಾಲದಲ್ಲಿ ಅಂಥ ಒಂದು ಬೊಡ್ಡೆ ತೆಪ್ಪದ ತಳ ಸೀಳಿತು. ತಿಪ್ಪೇಸ್ವಾಮಿಗೆ ಈಜು ಅಷ್ಟಕ್ಕಷ್ಟೆ. ಜಾಲಿಯ ಕೊಂಬೆ ತಬ್ಬಿಕೊಂಡು ನೇತಾಡಿದ. ಕುರಿ ಕಾಯುವವರು ಹಗ್ಗ ಎಸೆದು ಎಳೆದು ಹಾಕಿದರು. ಅಂಗೈಯ ಮುಳ್ಳು ತೆಗೆಯಲು ಚಿತ್ರದುರ್ಗದ ಆಸ್ಪತ್ರೆಗೆ ಕರೆತರಬೇಕಾಯಿತು.

ಮರುದಿನ ಅವನ ಹೆಂಡತಿ ಸಾಕಮ್ಮ ಆಫೀಸಿಗೆ ಬಂದು ಜಗಳವಾಡಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳಂತೆ: "ನಿಮ್ಮಪ್ಪನಾಗಿದ್ರೆ ಇಳಿಸ್ತಿದ್ರೇನವ್ವಾ?"

"ಅವತ್ತು ರಾತ್ರಿನೇ ದೋಣಿ ನಕ್ಷೆ ಹುಡುಕಾಕೆ ಕುಂತೆ" ಎಂದಳು ಶಶಿಕಲಾ. ಮಳೆಗಾಲಕ್ಕೆ ಮೊದಲು ಹೊಸದುರ್ಗ ತಾಲ್ಲೂಕಿನ ಮೂರು ಕೆರೆಗಳ ಅಳತೆ ಮುಗಿಯಬೇಕಿತ್ತು. ರಿಮೋಟಿನಿಂದ ಓಡುವ ಒಂದು ದೋಣಿಯಲ್ಲಿ ಎಕೋ ಸೌಂಡರ್ ಇಟ್ಟು ಬಿಟ್ಟರೆ ಮನುಷ್ಯ ಇಳಿಯುವ ಅಗತ್ಯವೇ ಇಲ್ಲ ಎಂಬುದು ಅವಳ ಲೆಕ್ಕ. ಎಕೋ ಸೌಂಡರ್ ನೀರಿನ ತಳಕ್ಕೆ ಸದ್ದು ಕಳಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಸುವ ಸಾಧನ. ಅದನ್ನೂ ಮೋಟಾರನ್ನೂ ಗುತ್ತಿಗೆದಾರರು ಹೇಗೋ ಒಪ್ಪಿ ತರಿಸಿಕೊಟ್ಟಿದ್ದರು. ಒಡಲು ಮಾತ್ರ ಇಲ್ಲೇ ಆಗಬೇಕು. ಒಂದು ಶನಿವಾರ ಪರೀಕ್ಷೆ ಎಂದು ಗೊತ್ತುಮಾಡಿದ್ದರು. ದೋಣಿ ಓಡಿದರೆ ದೋಣಿ. ಓಡದಿದ್ದರೆ ಸೋಮವಾರದಿಂದ ಮತ್ತೆ ತೆಪ್ಪ, ತೆಪ್ಪದಲ್ಲಿ ತಿಪ್ಪೇಸ್ವಾಮಿ.

ನಾನು ಟ್ಯಾಂಕಿನ ಕೆಲಸ ಪಕ್ಕಕ್ಕಿಟ್ಟೆ.

ಶಶಿಕಲಾ ತಂದದ್ದು ಹವ್ಯಾಸಕ್ಕೆ ದೋಣಿ ಕಟ್ಟುವವರ ನಕ್ಷೆ. ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯ ಮಾದರಿ: ನಾಲ್ಕಡಿ ಉದ್ದ, ಒಂದೂಕಾಲು ಅಡಿ ಅಗಲ, ತುಂಬು ಹೊಟ್ಟೆ. ತುಂಬು ಹೊಟ್ಟೆಯ ದೋಣಿ ನಿಧಾನ, ಆದರೆ ಅಲುಗಾಡುವುದು ಕಡಿಮೆ. ಅಳತೆಗೆ ಬೇಕಾದದ್ದೂ ಅದೇ.

ಫೈಬರ್‌ಗ್ಲಾಸ್ ವಸ್ತುವನ್ನು ನೇರವಾಗಿ ಮಾಡಲಾಗುವುದಿಲ್ಲ. ಮೊದಲು ಆ ವಸ್ತುವಿನದೇ ಆಕಾರದ ಒಂದು ಬೊಂಬೆ ಮಾಡಬೇಕು. ಅದಕ್ಕೆ ಪ್ಲಗ್ ಎನ್ನುತ್ತೇವೆ. ಪ್ಲಗ್ಗಿನ ಮೇಲೆ ಫೈಬರ್ ಹೊದಿಸಿ ತೆಗೆದರೆ ಬರುವುದು ಮೋಲ್ಡ್, ಅಂದರೆ ಅಚ್ಚು. ಆ ಅಚ್ಚಿನ ಒಳಗೆ ಮತ್ತೆ ಫೈಬರ್ ಹಾಕಿ ಬಿಡಿಸಿದರೆ ಬರುವುದೇ ನಮಗೆ ಬೇಕಾದ ವಸ್ತು. ಒಂದು ದೋಣಿಗೆ ಇಷ್ಟೆಲ್ಲ ಏಕೆ ಎಂದರೆ, ಅಚ್ಚು ಒಂದಿದ್ದರೆ ಎಷ್ಟು ದೋಣಿ ಬೇಕಾದರೂ ತೆಗೆಯಬಹುದು. ಒಂದು ಒಡೆದರೆ ಇನ್ನೊಂದು ಇರಲಿ ಎಂದು ಶಶಿಕಲಾ ಎರಡು ಒಡಲು ಕೇಳಿದ್ದಳು.

ಪ್ಲೈವುಡ್ಡಿನ ಅಡ್ಡಪಟ್ಟಿಗಳನ್ನು ನಕ್ಷೆಯಂತೆ ಕತ್ತರಿಸಿ, ಸಾಲಾಗಿ ನಿಲ್ಲಿಸಿ, ನಡುವೆ ಥರ್ಮಾಕೋಲ್ ತುಂಬಿದೆ. ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ, ಆದ್ದರಿಂದ ಮೇಲೆ ಪ್ಲಾಸ್ಟರ್ ಬಳಿದು, ಒಣಗಿಸಿ, ಪುಟ್ಟಿ ಹಾಕಿ, ಪಾಲಿಶ್ ಕಾಗದದಲ್ಲಿ ಉಜ್ಜಿದೆ. ಉಜ್ಜುವುದೇ ಇಲ್ಲಿ ಮುಕ್ಕಾಲು ಕೆಲಸ. ಅಚ್ಚು ನಿಮ್ಮ ಒಂದು ತಪ್ಪನ್ನೂ ಮರೆಯುವುದಿಲ್ಲ. ಪ್ಲಗ್ಗಿನ ಮೇಲೆ ಕೂದಲೆಳೆಯಷ್ಟು ಗೀರು ಇದ್ದರೂ ಅದು ಎಲ್ಲ ದೋಣಿಗಳ ಮೇಲೂ ಬರುತ್ತದೆ. ತಿಪ್ಪೇಸ್ವಾಮಿ ದಿನಾ ಬೆಳಿಗ್ಗೆ ಹೊಳಲ್ಕೆರೆ ಬಸ್ಸಿಗೆ ಬಂದು ನನ್ನ ಜೊತೆ ಉಜ್ಜಲು ಕೂರುತ್ತಿದ್ದ. ಮಾತಿನ ಮಲ್ಲ. ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನಗೆ ರುದ್ರಣ್ಣ ಎನ್ನುತ್ತಿದ್ದ.

"ಅಲ್ಲ ರುದ್ರಣ್ಣ, ನಾನು ಕುಂತ್ಕಳಾ ಜಾಗಕ್ಕೆ ಇದು ಕುಂತ್ಕಳುತ್ತೆ ಅಂದ್ರೆ, ಇದು ನನ್ನ ತಮ್ಮ ಇದ್ದಂಗೆ ಅಲ್ವಾ?" ಎಂದು ಒಮ್ಮೆ ಕೇಳಿದ.

"ತಮ್ಮನ ಹೊಟ್ಟೆ ಇನ್ನೂ ಒರಟೈತೆ, ಉಜ್ಜಪ್ಪ" ಎಂದೆ.

ಅಚ್ಚು ಚೆನ್ನಾಗಿಯೇ ಬಂತು. ಪರೀಕ್ಷೆಗೆ ಇನ್ನೊಂದು ವಾರ ಇರುವಾಗ ಮೊದಲ ಒಡಲು ಹಾಕಲು ಅಣಿಮಾಡಿದೆ. ಇಲ್ಲಿ ಒಂದು ಸಂಗತಿ ಬಿಡಿಸಿ ಹೇಳಬೇಕು. ಅಚ್ಚಿಗೆ ಒಡಲು ಅಂಟದಿರಲು ಮೊದಲು ಮೇಣ ತಿಕ್ಕಬೇಕು, ಅದರ ಮೇಲೆ ಪಿವಿಎ ಎಂಬ ದ್ರವ ಬಳಿಯಬೇಕು. ಅದು ಒಣಗಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪದರ ಆಗುತ್ತದೆ. ಅದರ ಗುಣ ಏನೆಂದರೆ ನೀರು ತಾಗಿದರೆ ಕರಗುತ್ತದೆ. ಕೊನೆಗೆ ಬಿಡಿಸುವಾಗ ಅಂಚಿನಲ್ಲಿ ನೀರು ಬಿಟ್ಟರೆ ಪದರ ಕರಗಿ ಒಡಲು ಸಲೀಸಾಗಿ ಕಳಚಿಕೊಳ್ಳುತ್ತದೆ. ಅದೇ ನೀರು ಮೊದಲೇ ಬಿದ್ದರೆ ಕೆಲಸ ಕೆಟ್ಟಿತು. ಹೊಸ ಅಚ್ಚು ಬೇರೆ. ಹೊಸ ಕಾವಲಿಯ ಮೊದಲ ದೋಸೆಯಂತೆ ಮೊದಲೇ ಅಂಟಲು ನೋಡುತ್ತಿರುತ್ತದೆ.

ಮೇಣ ತಿಕ್ಕಿ, ಪಿವಿಎ ಬಳಿದು, ಒಣಗಲು ಬಿಟ್ಟು ನಾನು ಹಿಂದಿನ ಶೆಡ್ಡಿಗೆ ರೆಸಿನ್ ತರಲು ಹೋದೆ. ತಿಪ್ಪೇಸ್ವಾಮಿ ಅಚ್ಚಿನ ಪಕ್ಕದಲ್ಲೇ ಕುಳಿತಿದ್ದ. ತಿರುಗಿ ಬಂದು ನೋಡಿದರೆ ಎಲ್ಲ ಇದ್ದಂತೆಯೇ ಇತ್ತು. ಜೆಲ್‌ಕೋಟ್ ಬಳಿದೆ, ಹೊರಗೆ ಕಾಣುವ ಬಣ್ಣದ ಪದರ ಅದು. ಅದು ಗಟ್ಟಿಯಾದ ಮೇಲೆ ಗಾಜಿನ ಎಳೆಗಳ ಮ್ಯಾಟನ್ನು ಹಾಸಿ, ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ಬೆರೆಸಿದ ರೆಸಿನ್ನಿನಲ್ಲಿ ನೆನೆಸಿ, ರೋಲರಿನಿಂದ ಗಾಳಿಯ ಗುಳ್ಳೆ ಓಡಿಸಿದೆ. ಬೇಸಿಗೆಯ ಬಿಸಿಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ಕ್ಯಾಟಲಿಸ್ಟ್ ಕಡಿಮೆ ಹಾಕಿದ್ದೆ. ಮೂರು ಪದರ ಮುಗಿಯುವಷ್ಟರಲ್ಲಿ ಸಂಜೆಯಾಯಿತು.

ಎರಡು ದಿನ ಬಿಟ್ಟು ಬಿಡಿಸಲು ಕೂತೆವು. ಶಶಿಕಲಾಳೂ ಬಂದಿದ್ದಳು. ಅಂಚಿಗೆ ಮರದ ಬೆಣೆ ಕೊಟ್ಟು, ನೀರು ಬಿಟ್ಟು, ಅಂಗೈಯಿಂದ ತಟ್ಟಿದೆ. ಹಿಂಭಾಗ ಪಟಕ್ಕನೆ ಬಿಟ್ಟುಕೊಂಡಿತು. ನಡುಭಾಗವೂ ಬಿಟ್ಟಿತು. ಮುಂಭಾಗ, ಅಂದರೆ ದೋಣಿಯ ಮೂತಿ, ಜಪ್ಪಯ್ಯ ಅಂದರೂ ಬಿಡಲಿಲ್ಲ. ಬೆಣೆ ಹೊಡೆದೆ, ಬಿಸಿನೀರು ಸುರಿದೆ, ರಬ್ಬರ್ ಸುತ್ತಿಗೆಯಿಂದ ಬಡಿದೆ. ಮಧ್ಯಾಹ್ನದ ಊಟ ಮರೆತು ಬಡಿದೆವು. ಕೊನೆಗೆ ಮೂತಿಯ ಹತ್ತಿರ ಅಚ್ಚನ್ನು ಸ್ವಲ್ಪ ಸೀಳಿ ಇಣುಕಿದೆ. ಅಂಟಿಕೊಂಡದ್ದು ಎಲ್ಲ ಕಡೆ ಅಲ್ಲ. ಒಂದರ ಕೆಳಗೆ ಒಂದು, ಬೆರಳಗಲದ ಮೂರು ಪಟ್ಟಿ.

ಮೂರು ಪಟ್ಟಿ! ನಾನು ತಲೆಯೆತ್ತಿ ತಿಪ್ಪೇಸ್ವಾಮಿಯ ಹಣೆ ನೋಡಿದೆ.

"ಲೇ ತಿಪ್ಪೇಸ್ವಾಮಿ, ಅವತ್ತು ನಾನು ಒಳಗೆ ಹೋದಾಗ ಏನು ಮಾಡಿದೆಯಪ್ಪ?"

ಅವನ ಕೈ ತಾನಾಗಿ ಹಣೆಗೆ ಹೋಯಿತು. "ವಿಭೂತಿ ಹಚ್ಚಿದೆ ರುದ್ರಣ್ಣ. ಹೊಸ ಸಾಮಾನು, ಸುಮ್ನೆ ಹಂಗೇ ಶುರು ಮಾಡ್ತಾರೇನು? ನನ್ನ ಜೀವಕ್ಕೆ ಬದಲು ಹೋಗಾ ಸಾಮಾನು. ಬಾಟ್ಲಿ ನೀರಾಗೆ ಕಲಸಿ ಹಚ್ಚಿ ಕೈ ಮುಗಿದೆ. ನಿಮಗೆ ಗಲೀಜು ಆಗಲ್ಲ ಅಂತ ಟವೆಲ್ಲಾಗೆ ನೀಟಾಗಿ ಒರೆಸಿಬಿಟ್ಟೆ."

ನೀಟಾಗಿ ಒರೆಸಿದ್ದಾನೆ ಪುಣ್ಯಾತ್ಮ! ನೀರು ಪಿವಿಎಯನ್ನು ಕರಗಿಸಿತ್ತು. ವಿಭೂತಿಯಿಂದ ನಾವು ಬೆಳ್ಳಿ ದೀಪ ತಿಕ್ಕುತ್ತೇವೆ. ಅದೇ ವಿಭೂತಿ ಅಚ್ಚಿನ ಮೇಣವನ್ನೂ ತಿಕ್ಕಿ ತೆಗೆದಿತ್ತು. ಒರೆಸದೆ ಹಾಗೇ ಬಿಟ್ಟಿದ್ದರೆ ನನ್ನ ಕಣ್ಣಿಗಾದರೂ ಬೀಳುತ್ತಿತ್ತು. ನಾನು ಆಡಿದ ಮಾತುಗಳನ್ನು ಇಲ್ಲಿ ಅಚ್ಚು ಹಾಕಿಸುವಂತಿಲ್ಲ. ಶಶಿಕಲಾ ನಡುವೆ ಬಂದು, "ಬೈದಿದ್ದು ಸಾಕು ಅಣ್ಣ, ಈಗ ಏನು ಮಾಡಾಣ ಹೇಳ್ರಿ" ಎಂದಳು.

ಇದ್ದದ್ದು ಎರಡೇ ದಾರಿ. ಅಚ್ಚು ಉಳಿಸಿಕೊಂಡು ಒಡಲನ್ನು ಒಡೆದು ತೆಗೆಯಬಹುದು, ಆಗ ಶನಿವಾರಕ್ಕೆ ದೋಣಿ ಇಲ್ಲ. ಅಥವಾ ಅಚ್ಚನ್ನು ಕತ್ತರಿಸಿ ಒಡಲು ಉಳಿಸಬಹುದು, ಆಗ ಇರುವುದು ಒಂದೇ ದೋಣಿ. ಕೆಟ್ಟರೆ ಇನ್ನೊಂದು ಇಲ್ಲ. ಶಶಿಕಲಾ ಹೆಚ್ಚು ಹೊತ್ತು ಯೋಚಿಸಲಿಲ್ಲ. "ಅಚ್ಚು ಕತ್ತರಿಸ್ರಿ" ಎಂದಳು.

ಕಟರ್ ಹಿಡಿದು ಅಷ್ಟು ದಿನ ಉಜ್ಜಿದ ಅಚ್ಚನ್ನು ತುಂಡು ಮಾಡಿದೆ. ಮೂತಿಯ ಮೇಲೆ ಮೂರು ಕಡೆ ಜೆಲ್‌ಕೋಟ್ ಕಿತ್ತು ಬಂತು. ಅಲ್ಲಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದೆ. ತಿಪ್ಪೇಸ್ವಾಮಿ ಮೂಲೆಯಲ್ಲಿ ಕುಳಿತೇ ಇದ್ದ. ಚಹಾ ಕೊಟ್ಟರೂ "ಬ್ಯಾಡ ರುದ್ರಣ್ಣ" ಎಂದುಬಿಡುತ್ತಿದ್ದ. ನನಗೆ ಕೋಪ ಇಳಿದು ಪಾಪ ಅನ್ನಿಸತೊಡಗಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ.

ವರ್ಕ್‌ಶಾಪಿನ ಸಿಮೆಂಟ್ ತೊಟ್ಟಿಯಲ್ಲಿ ದೋಣಿ ತೇಲಿಸಿ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ತೂಕ ಸರಿಮಾಡಿದೆವು. ಒಂದು ತೊಟ್ಟು ನೀರು ಒಳಗೆ ಬರಲಿಲ್ಲ.

ಶನಿವಾರ ಹೊಸದುರ್ಗ ತಾಲ್ಲೂಕಿನ ಆ ಮೂರರಲ್ಲಿ ಒಂದು ಕೆರೆಗೆ ಹೋದೆವು. ಊರಿನ ಹೆಸರು ಬೇಡ. ಗುತ್ತಿಗೆದಾರರು ಬಂದಿದ್ದರು, ಏರಿಯ ಮೇಲೆ ಊರಿನ ಹತ್ತಿಪ್ಪತ್ತು ಜನ ಸೇರಿದ್ದರು. ಶಶಿಕಲಾ ರಿಮೋಟು ಹಿಡಿದಳು. ದೋಣಿ ಗುರ್ ಎಂದು ಹೊರಟಿತು. ಅವಳ ಮಡಿಲಿನ ಲ್ಯಾಪ್‌ಟಾಪಿನ ಪರದೆಯ ಮೇಲೆ ಆಳದ ಅಂಕಿಗಳು ಒಂದೊಂದಾಗಿ ಬೀಳತೊಡಗಿದವು. ಏರಿಯ ಕಡೆಯಿಂದ ಆ ಕಡೆಯ ದಡಕ್ಕೆ ಹೋಗಿ, ತಿರುಗಿ, ಇನ್ನೊಂದು ಸಾಲು ಹಿಡಿದು ಬಂತು. ನೇಗಿಲ ಸಾಲಿನಂತೆ ಹಾಗೇ ಅರ್ಧ ಕೆರೆ ಮುಗಿಸಿತು. ಗುತ್ತಿಗೆದಾರರು ನನ್ನ ಬೆನ್ನು ತಟ್ಟಿದರು. ನಾನೂ ಸ್ವಲ್ಪ ಎದೆ ಉಬ್ಬಿಸಿದೆ.

ಆಮೇಲೆ ಕೆರೆಯ ನಡುವೆ ದೋಣಿ ನಿಂತಿತು. ಮೋಟಾರಿನ ಸದ್ದು ಒಮ್ಮೆ ಏರಿ, ಗಕ್ಕನೆ ನಿಂತುಹೋಯಿತು. ಮುಳುಗಿದ ಜಾಲಿಯೊಂದಕ್ಕೆ ಯಾರೋ ಬಿಟ್ಟುಹೋದ ಮೀನಿನ ಬಲೆ ಸುತ್ತಿಕೊಂಡಿತ್ತು. ಅದರ ನೈಲಾನ್ ದಾರ ದೋಣಿಯ ಪ್ರೊಪೆಲ್ಲರಿಗೆ ಸಿಕ್ಕಿತ್ತು. ಹಿಂದಕ್ಕೆ ಓಡಿಸಿದರೂ ಬಿಡಲಿಲ್ಲ.

ಗುತ್ತಿಗೆದಾರರು ಕೆಟ್ಟ ಮನುಷ್ಯರಲ್ಲ, ಆದರೆ ಲಕ್ಷಾಂತರ ರೂಪಾಯಿಯ ಸಾಮಾನು ನೀರಿನ ನಡುವೆ ನಿಂತಿತ್ತು. "ಹತ್ರಾನೇ ಐತಲ್ಲ, ಯಾರಾದ್ರೂ ಈಜಿ ಹೋಗಿ ಬಿಡಿಸಿದ್ರೆ ಬರುತ್ತೆ" ಎಂದರು, ಯಾರ ಕಡೆಯೂ ನೋಡದೆ. ನನಗೂ ದೋಣಿ ಬೇಕಿತ್ತು. ಅಚ್ಚು ಹೋಗಿತ್ತು, ಇದೂ ಹೋದರೆ ಏನೂ ಇಲ್ಲ.

ತಿರುಗಿ ನೋಡಿದರೆ ತಿಪ್ಪೇಸ್ವಾಮಿ ಅಂಗಿ ಬಿಚ್ಚಿ ಕಲ್ಲಿನ ಮೇಲಿಟ್ಟಿದ್ದ. ಪಂಚೆ ಎತ್ತಿ ಕಟ್ಟುತ್ತಿದ್ದ.

"ಏನು ಮಾಡ್ತಿದೀರಿ ತಿಪ್ಪೇಸ್ವಾಮಣ್ಣ?" ಶಶಿಕಲಾ ಕೂಗಿದಳು.

"ನಾನು ಹೋಗ್ತೀನವ್ವ. ಅಚ್ಚು ನನ್ನಿಂದ ಹೋತು. ದೋಣಿನೂ ಹೋದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

ಅವಳು ರಿಮೋಟನ್ನು ನನ್ನ ಕೈಗೆ ತುರುಕಿ ದಡದಡನೆ ಇಳಿದು ಅವನ ಮುಂದೆ ಅಡ್ಡ ನಿಂತಳು. ಅವಳ ಎತ್ತರ ಅವನ ಹೆಗಲಿಗೂ ಬರುವುದಿಲ್ಲ. ಧ್ವನಿ ಮಾತ್ರ ಏರಿಯ ಮೇಲಿದ್ದ ನಮಗೆಲ್ಲ ಕೇಳಿಸಿತು.

"ಈ ದೋಣಿ ಮಾಡ್ಸಿದ್ದೇ ನೀವು ಇಳೀಬಾರ್ದು ಅಂತ. ದೋಣಿ ತರಾಕೆ ನೀವೇ ಇಳಿದ್ರೆ ನಾನು ಮಾಡ್ಸಿದ್ದೇನು? ಅಂಗಿ ಹಾಕ್ಕಳ್ರಿ. ಹೋದ್ರೆ ಹೋಗ್ಲಿ ದೋಣಿ!"

ತಿಪ್ಪೇಸ್ವಾಮಿ ಅಲ್ಲೇ ನಿಂತ. ಕಣ್ಣಲ್ಲಿ ನೀರಿತ್ತು. ನಾನು ಕೆಳಗಿಳಿದು ಅವನ ಅಂಗಿ ಎತ್ತಿ ಕೊಟ್ಟೆ. "ಹಾಕ್ಕಳಪ್ಪ. ಅಚ್ಚು ಇನ್ನೊಂದು ಮಾಡ್ತೀನಿ. ನಿನ್ನ ಅಚ್ಚು ನನ್ನ ಹತ್ರ ಇಲ್ಲ" ಎಂದೆ.

ಆಗ ಶಶಿಕಲಾ ಏರಿಯ ಮೇಲಿದ್ದ ಜನರತ್ತ ತಿರುಗಿ, "ಯಾರ ಮನೇಲಿ ಬೋರಿನ ಹಗ್ಗ ಐತೆ?" ಎಂದು ಕೇಳಿದಳು.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವ ಊರು ಸಿಗುವುದು ಕಷ್ಟ. ಕೊಳವೆಬಾವಿ ಇಲ್ಲಿ ಪಾತಾಳದವರೆಗೆ ಹೋಗುತ್ತದೆ. ಮೋಟಾರು ಇಳಿಸಲು, ಎತ್ತಲು ಅಷ್ಟುದ್ದದ ದಪ್ಪ ಹಗ್ಗ ತೋಟವಿರುವ ಮನೆಗಳಲ್ಲಿ ಸುರುಳಿ ಸುತ್ತಿ ಬಿದ್ದಿರುತ್ತದೆ. ಗುತ್ತಿಗೆದಾರರು ಗಡಿಯಾರ ನೋಡಿ, "ದಿನವೆಲ್ಲಾ ಹಗ್ಗ ಎಳೀತಾ ಕೂರಾಣೇನಮ್ಮ?" ಎಂದರು.

"ಕೂರಾಣ ಸಾರ್" ಎಂದಳು.

ಬೈಕುಗಳ ಮೇಲೆ ಹಗ್ಗದ ಸುರುಳಿಗಳು ಬಂದವು. ನಾಲ್ಕು ಹಗ್ಗ ಸೇರಿಸಿ ಗಂಟು ಹಾಕಿ, ಮುಳುಗದಿರಲೆಂದು ಅಲ್ಲಲ್ಲಿ ಖಾಲಿ ಎಣ್ಣೆ ಕ್ಯಾನು ಕಟ್ಟಿದೆವು. ಒಂದು ತುದಿ ಏರಿಯ ಎಡಮಗ್ಗುಲ ದಡದಲ್ಲಿ ನಮ್ಮ ಕೈಯಲ್ಲಿ. ಇನ್ನೊಂದು ತುದಿ ಹಿಡಿದು ಊರಿನವರು ಏರಿಯ ಎದುರಿನ ಅಂಚನ್ನು ಸುತ್ತಿ ಬಲಮಗ್ಗುಲ ದಡಕ್ಕೆ ಹೋದರು. ದೋಣಿಯ ಹಿಂದೆ ಕೆರೆಯ ಮೇಲೆ ಅಡ್ಡಲಾಗಿ ಹಗ್ಗ ನಿಂತಿತು. ಎರಡೂ ದಡದವರು ಒಟ್ಟಿಗೆ ಏರಿಯ ಕಡೆ ನಡೆದೆವು. ಹಗ್ಗ ತೇಲುತ್ತಾ ಹೋಗಿ ದೋಣಿಯ ಹಿಂಭಾಗಕ್ಕೆ ತಾಗಿತು. ಒಂದು ಸಲ ಜಾರಿತು. ಎರಡನೆಯ ಸಲ ದೋಣಿಯ ಮೇಲಿನಿಂದ ಹಾರಿತು. ಮೂರನೆಯ ಸಲ ಕ್ಯಾನು ಪ್ರೊಪೆಲ್ಲರಿನ ಹತ್ತಿರ ಸಿಕ್ಕಿಕೊಂಡಿತು. "ಎಳೀರಿ, ಎಳೀರಿ!" ಎಂದು ಆಚೆ ದಡದವರು ತಮ್ಮ ತುದಿ ಸಡಿಲ ಬಿಟ್ಟು ಕೂಗಿದರು. ಎಲ್ಲರಿಗಿಂತ ಮುಂದೆ ನಿಂತು, ಕಾಲು ಊರಿ, ತಿಪ್ಪೇಸ್ವಾಮಿ ಎಳೆಯುತ್ತಿದ್ದ. ಬಲೆ ಹರಿಯಿತು. ದೋಣಿ ಒಮ್ಮೆ ಓಲಾಡಿ, ಬಾಲಕ್ಕೆ ಬಲೆಯ ಚಿಂದಿ ಅಂಟಿಸಿಕೊಂಡು ಬಂತು.

ಗುತ್ತಿಗೆದಾರರು ಬಹಳ ಹೊತ್ತು ಲ್ಯಾಪ್‌ಟಾಪಿನ ಅಂಕಿ ನೋಡಿದರು. ಅರ್ಧ ಕೆರೆಯ ಆಳ ಅದರಲ್ಲಿತ್ತು. ತಿಪ್ಪೇಸ್ವಾಮಿ ಹಿಂದೆ ಅದೇ ಕೆರೆಯ ಒಂದು ಮೂಲೆಯಲ್ಲಿ ಗಳ ಹಾಕಿ ಕೂಗಿದ್ದ ಅಳತೆಗಳಿಗೆ ಹೊಂದುತ್ತಲೂ ಇತ್ತು. ಕಾರು ಹತ್ತುವ ಮುನ್ನ, "ಪ್ರೊಪೆಲ್ಲರಿಗೆ ಒಂದು ಜಾಲರಿ ಹಾಕ್ಸಮ್ಮ. ತೆಪ್ಪ ಗೋಡೌನಲ್ಲೇ ಇರ್ಲಿ" ಎಂದರು.

ನಾವು ಸಾಮಾನು ತುಂಬುತ್ತಿದ್ದಾಗ ತಿಪ್ಪೇಸ್ವಾಮಿಯ ಫೋನು ರಿಂಗಾಯಿತು. ಸಾಕಮ್ಮನದು. ಅವನು ಸ್ವಲ್ಪ ದೂರ ಹೋದ, ಆದರೆ ಅವನ ಧ್ವನಿ ಎಲ್ಲಿ ಮುಚ್ಚಿಡಲಾದೀತು.

"ಇಲ್ಲ ಕಣೇ, ಇಳೀಲಿಲ್ಲ... ಆಣೆ ಯಾಕೆ, ಬಸ್ಸಿಗೆ ಬರ್ತೀನಿ, ಪಂಚೆ ಮುಟ್ಟಿ ನೋಡ್ಕ. ಒಣಗೇ ಐತೆ."

ಆ ಬೇಸಿಗೆಯಲ್ಲಿ ಮೂರು ಕೆರೆಗಳ ಕೆಲಸವನ್ನೂ ಆ ಒಂದೇ ದೋಣಿ ಮುಗಿಸಿತು. ನಾನು ಪ್ರೊಪೆಲ್ಲರಿಗೆ ಜಾಲರಿ ಹಾಕಿದೆ, ಬಾಲಕ್ಕೆ ಎಳೆಯಲು ಒಂದು ದಪ್ಪ ಕೊಂಡಿ ಕೂರಿಸಿದೆ. ಆ ಕೊಂಡಿ ಮೊದಲೇ ಇರಬೇಕಿತ್ತು. ವಸ್ತು ಗಟ್ಟಿಯಾಗಿರಬೇಕು, ಸೋರಬಾರದು, ಹೊಳೆಯಬೇಕು ಎಂಬುದಷ್ಟೇ ಅಲ್ಲಿಯವರೆಗೆ ನನ್ನ ಲೆಕ್ಕ. ಗುಡ್ಡದ ಮೇಲೆ ಅಷ್ಟು ವರ್ಷ ಹಗ್ಗಕ್ಕೆ ನೇತಾಡಿದ್ದು ನಾನೇ ಆದರೂ, ಆ ರೆಕ್ಕೆ ಮಾಡಿದವನು ನನ್ನ ಬಗ್ಗೆ ಒಂದು ಗಳಿಗೆಯಾದರೂ ಯೋಚಿಸಿದ್ದನೇ ಎಂದು ನನಗೆ ಹೊಳೆದಿರಲಿಲ್ಲ. ಈಗ ಯಾರೇ ಹೊಸ ಕೆಲಸ ತಂದರೂ ಉದ್ದ ಅಗಲ ಕೇಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: "ಇದು ಕೆಟ್ಟು ನಿಂತ್ರೆ ಅಲ್ಲಿಗೆ ಹೋಗೋರು ಯಾರು?" ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಅವರು ಒಬ್ಬ ಮನುಷ್ಯನ ಹೆಸರು ಹೇಳುವವರೆಗೆ ನಾನು ಅಳತೆಯ ಟೇಪು ಬಿಚ್ಚುವುದಿಲ್ಲ.